ಮಡಿಗೊಂದು ಗಾಡಿ

ಆ ಚಳಿಗಾಲದಲ್ಲಿ ನಾವು ಯಾವ ಆರ್.ವಿ. ಶೋಗೆ ಹೋಗಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುತ್ತಿದ್ದದ್ದು ಧಾರವಾಡದಿಂದ ನಮ್ಮತ್ತೆಯ ಟ್ರಂಕಿನಲ್ಲಿ ಬಂದಿದ್ದ ಪಂಚಾಂಗ. ಅಡುಗೆಮನೆ, ಮಂಚ, ಬಚ್ಚಲು ಎಲ್ಲವನ್ನೂ ಚಕ್ರದ ಮೇಲೆ ಕೂರಿಸಿದ ಈ ಆರ್.ವಿ. ಗಾಡಿಗಳನ್ನು ಅಮೆರಿಕದವರು ಜನವರಿಯಿಂದ ಮಾರ್ಚ್‌ವರೆಗೆ ದೊಡ್ಡ ದೊಡ್ಡ ಹಾಲ್‌ಗಳಲ್ಲಿ ಸಾಲಾಗಿ ನಿಲ್ಲಿಸಿ ತೋರಿಸುತ್ತಾರೆ. ಹೊರಗೆ ಹಿಮ ಬಿದ್ದಿರುತ್ತದೆ. ಒಳಗೆ ಜನ ಬೇಸಿಗೆಯ ಪ್ರವಾಸದ ಕನಸು ಕಾಣುತ್ತ ಒಂದೊಂದೇ ಗಾಡಿ ಹತ್ತಿ ಇಳಿಯುತ್ತಾರೆ. ಅವರಿಗೆಲ್ಲ ಬೇಕಾಗಿದ್ದದ್ದು ಬೆಟ್ಟ, ಕಾಡು, ಕೆರೆ. ನಮಗೆ ಬೇಕಾಗಿದ್ದದ್ದು ಒಂದು ಬಾಣಂತನ.

ಅದನ್ನು ಮೊದಲಿನಿಂದ ಹೇಳಬೇಕು. ನಾವು ಆಗ ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನಲ್ಲಿದ್ದೆವು. ನನ್ನ ಗಂಡ ಎಂಜಿನಿಯರು, ರೂಟ್ ಒನ್ ಹೆದ್ದಾರಿಯ ಮೇಲೆ ದಿನಾ ಕಮ್ಯೂಟ್ ಮಾಡುತ್ತಿದ್ದರು. ಅವರ ಒಬ್ಬಳೇ ತಂಗಿ, ನನ್ನ ನಾದಿನಿ, ಓದಲು ಬಂದವಳು ಇಲ್ಲೇ ಒಬ್ಬ ಅಮೆರಿಕನ್ ಸ್ಕೂಲ್ ಮೇಷ್ಟರನ್ನು ಮದುವೆಯಾಗಿ ಲಾಂಗ್ ಐಲೆಂಡಿನ ಜೆರಿಕೋದಲ್ಲಿ ಮನೆ ಮಾಡಿದ್ದಳು. ಮದುವೆಯ ಸುದ್ದಿ ಧಾರವಾಡಕ್ಕೆ ಮುಟ್ಟಿದ ಮೇಲೆ ತಾಯಿ ಮಗಳಿಗೆ ಒಂದು ಸಾಲು ಬರೆದಿರಲಿಲ್ಲ. ಹೀಗೇ ಆರು ವರ್ಷ ಕಳೆದಿತ್ತು. ಆಮೇಲೆ ಮಗಳು ಬಸುರಿ ಎಂದು ತಿಳಿಯಿತು. ಏಪ್ರಿಲ್ ಕೊನೆಗೆ ಹೆರಿಗೆ. ಅಕ್ಟೋಬರಿನಲ್ಲಿ ಅತ್ತೆ ಬಂದಿಳಿದರು.

ಅವರು ಬಂದದ್ದು ಮಗನ ಸಂಸಾರ ನೋಡಲು ಎಂದು ಅವರೇ ಹೇಳುತ್ತಿದ್ದರು. ನಾವೂ ಹೌದು ಹೌದು ಎನ್ನುತ್ತಿದ್ದೆವು. ಆದರೆ ಎರಡನೆಯ ವಾರವೇ, ಅಕ್ಕಿ ಆರಿಸುತ್ತ ಕೂತವರು, ಯಾರನ್ನೂ ನೋಡದೆ, "ಹಡದ ತಾಯಿ ಜೀವಂತ ಇದ್ದು ಬಾಣಂತನ ಮಂದಿ ಮಾಡಬೇಕೇನು?" ಅಂದರು. ಆಮೇಲೆ ನಾನು ಬಾಯಿ ತೆರೆಯುವ ಮೊದಲೇ, "ಮದುವಿ ಬ್ಯಾರೆ, ಬಾಣಂತನ ಬ್ಯಾರೆ" ಎಂದು ಮುಗಿಸಿಬಿಟ್ಟರು.

ನಮ್ಮತ್ತೆ ಮಡಿ ಹೆಂಗಸು. ಗಂಡ ತೀರಿಕೊಂಡಾಗಿನಿಂದ ಕೆಂಪು ಸೀರೆ, ತಲೆ ತುಂಬ ಸೆರಗು, ಒಪ್ಪೊತ್ತಿನ ಊಟ, ಅದೂ ತಾವೇ ಮಡಿಯಲ್ಲಿ ಮಾಡಿಕೊಂಡದ್ದು. ನನ್ನ ಕೈಯ ಅಡುಗೆಯನ್ನೂ ಅವರು ಉಣ್ಣುತ್ತಿರಲಿಲ್ಲ. ನಾನು ಮೈಸೂರಿನ ಆಚಾರವಂತರ ಮನೆಯ ಹುಡುಗಿಯೇ. ಅವರು ಬಂದ ಹೊಸದರಲ್ಲಿ ಬೆಳಗಿನ ಐದಕ್ಕೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯುಟ್ಟು, ನಡುಗುತ್ತ ಅನ್ನ ಸಾರು ಮಾಡಿ ಇಟ್ಟೆ. "ಛಲೋ ಆತು, ನೀವು ಉಣ್ಣರಿ. ನೀ ಈಗಿನಾಕಿ, ನಿನಗ ತಿಳಿಯಂಗಿಲ್ಲ" ಎಂದು ತಮ್ಮ ಪುಟ್ಟ ಪಾತ್ರೆ ತೆಗೆದುಕೊಂಡು ಬೇರೆ ಅನ್ನಕ್ಕಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತಿನಿಂದ ಆ ಗೋಜಿಗೇ ಹೋಗಲಿಲ್ಲ. ಅವರ ಊಟವಾಗುವ ತನಕ ನನ್ನದೇ ಅಡುಗೆಮನೆಯ ಹೊಸಿಲಿನಾಚೆ ನಾನು ನಿಂತಿರುತ್ತಿದ್ದೆ.

ಇಂಥವರು ಜೆರಿಕೋದ ಆ ಮನೆಯಲ್ಲಿ ಬಾಣಂತನ ಮಾಡುವುದು ಹೇಗೆ? ಅಲ್ಲಿ ಅಳಿಯ ಮಾಂಸ ಬೇಯಿಸುತ್ತಿದ್ದ. ಒಲೆ, ಪಾತ್ರೆ, ಫ್ರಿಜ್ ಯಾವುದೂ ಅತ್ತೆಯ ಪಾಲಿಗೆ ಮುಟ್ಟುವಂಥದಲ್ಲ. ಅತ್ತೆ ಮಾಡಿದ್ದನ್ನು ಮಗಳು ಉಣ್ಣಬಹುದಿತ್ತು. ಮಗಳು ಮುಟ್ಟಿದ್ದನ್ನು ಅತ್ತೆ ಉಣ್ಣುವ ಪ್ರಶ್ನೆಯೇ ಇರಲಿಲ್ಲ. "ಆಕೀನ್ನ ಇಲ್ಲೇ ಕರಕೊಂಡು ಬರೂಣು" ಎಂದು ನಮ್ಮವರು ತಂಗಿಗೆ ಫೋನ್ ಮಾಡಿದರು. ಅವಳೂ ಆ ತಾಯಿಯ ಮಗಳೇ ತಾನೆ. "ನನ್ನ ಡಾಕ್ಟರ್ ಇಲ್ಲೆ ಇದ್ದಾರ, ನನ್ನ ಗಂಡ ಇಲ್ಲೆ ಇದ್ದಾನ. ಅವ್ವಗ ನಾ ಬೇಕಂದ್ರ ನನ್ನ ಮನೀಗೆ ಬರಲಿ" ಅಂದಳು. ತಾಯಿ ಅಲ್ಲಿ ಕಾಲಿಡುವಂತಿಲ್ಲ, ಮಗಳು ಇಲ್ಲಿಗೆ ಬರುವವಳಲ್ಲ. ನಡುವೆ ಎರಡು ಗಂಟೆಯ ದಾರಿ, ಎರಡು ಸೇತುವೆ.

ಉಪಾಯ ಹೊಳೆದದ್ದು ನಮ್ಮವರಿಗೆ. ಪಕ್ಕದ ಮನೆಯವರು ತಮ್ಮ ಟ್ರೇಲರನ್ನು ಅಂಗಳದಲ್ಲಿ ನಿಲ್ಲಿಸಿ, ಬಂದ ನೆಂಟರನ್ನು ಅದರಲ್ಲಿ ಮಲಗಿಸಿದ್ದನ್ನು ಅವರು ನೋಡಿದ್ದರು. ಅಂಥದೊಂದು ಗಾಡಿಯನ್ನು ತಂಗಿಯ ಮನೆಯ ಡ್ರೈವ್‌ವೇಯಲ್ಲಿ ನಿಲ್ಲಿಸಿಬಿಟ್ಟರೆ? ಅದರಲ್ಲಿ ಅವ್ವನದೇ ಒಲೆ, ಅವ್ವನದೇ ನೀರು, ಅವ್ವನದೇ ಬಾಗಿಲು. ಅಲ್ಲಿಂದ ಅಡುಗೆ ಮಾಡಿ ಒಳಗೆ ಬಾಣಂತಿಗೆ ಒಯ್ದು ಕೊಡಬಹುದು. ಮಗಳ ಮನೆಗೆ ಹೋದಂತೆಯೂ ಆಯಿತು, ಹೋಗದಂತೆಯೂ ಆಯಿತು. ಇದನ್ನು ಅವರು ನನಗೆ ಹೇಳಿದಾಗ ತಲೆ ಕೆಟ್ಟಿದೆ ಇವರಿಗೆ ಅನ್ನಿಸಿತು. ಅತ್ತೆ ಮಾತ್ರ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿ, "ಆಗಬಹುದು" ಅಂದುಬಿಟ್ಟರು.

ತಂಗಿಗೆ ಮತ್ತೆ ಫೋನ್. ನಾನು ಮಹಡಿಯ ಎಕ್ಸ್‌ಟೆನ್ಷನ್ ಫೋನಿನಲ್ಲಿ ಕೇಳಿಸಿಕೊಳ್ಳುತ್ತಿದ್ದೆ. "ನನ್ನ ಮನಿ ಮುಂದ ಗಾಡಿ ನಿಂದ್ರಿಸಿ ಅದರಾಗ ಇರ್ತಾಳ ಅವ್ವ? ಒಳಗ ಬರಂಗಿಲ್ಲ?" ಅಂದಳು. ಆ ಕಡೆ ಮೂಗೆಳೆದುಕೊಂಡ ಶಬ್ದ. ಕೊನೆಗೆ, "ಆತು. ಹಂಗರ ಬರಲಿ" ಅಂದಳು.

ಬಾಡಿಗೆಗೆ ಬೇಕಾದಷ್ಟು ಗಾಡಿಗಳು ಸಿಗುತ್ತಿದ್ದವು. ಆದರೆ ಬಾಡಿಗೆ ಗಾಡಿಯ ಒಲೆಯ ಮೇಲೆ ಯಾರು ಏನು ಹುರಿದಿದ್ದರೋ ಯಾರಿಗೆ ಗೊತ್ತು? ಸೆಕೆಂಡ್ ಹ್ಯಾಂಡ್ ಕೂಡ ಅದೇ ಕಾರಣಕ್ಕೆ ಬೇಡ. ಹೊಸದೇ ಆಗಬೇಕು, ಬಾಣಂತನ ಮುಗಿದ ಮೇಲೆ ಮಾರಿಬಿಡುವುದು. ನಮ್ಮವರು ಮೊದಲು ಬಣ್ಣ ಬಣ್ಣದ ಬ್ರೋಷರುಗಳನ್ನು ತಂದು ಅತ್ತೆಯ ಮುಂದೆ ಹರಡಿದರು. ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ತಿರುಗಿಸಿ ಮುರುಗಿಸಿ ನೋಡಿ, "ಚಿತ್ರದಾಗ ಏನು ತಿಳೀತದೋ? ಕಣ್ಣಿಂದ ನೋಡಬೇಕು" ಎಂದು ಪಕ್ಕಕ್ಕಿಟ್ಟರು. ಹೀಗೆ ನಾವು ಶೋಗಳ ಪಾಲಾದೆವು.

ಇನ್ನು ಏಕಾದಶಿ. ಮಾಮೂಲಿ ದಿನಗಳಲ್ಲಿ ಅತ್ತೆಯ ಸ್ನಾನ, ಪೂಜೆ, ಅಡುಗೆ, ಊಟ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಎರಡು ದಾಟಿರುತ್ತಿತ್ತು. ಚಳಿಗಾಲದಲ್ಲಿ ನಾಲ್ಕೂವರೆಗೆ ಕತ್ತಲೆ. ಊಟಕ್ಕೆ ಮೊದಲು ಹೊರಟರೆ ಉಪವಾಸ, ಊಟವಾದ ಮೇಲೆ ಹೊರಟರೆ ಹೊತ್ತಿಲ್ಲ. ಏಕಾದಶಿಯ ದಿನ ಮಾತ್ರ ಅವರು ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ಅಡುಗೆಯೂ ಇಲ್ಲ, ಊಟವೂ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಎಲ್ಲಿಗೆ ಬೇಕಾದರೂ ಕರೆದೊಯ್ಯಬಹುದು. ವಾಪಸು ಬಂದು ತಲೆಗೆ ನೀರು ಹಾಕಿಕೊಂಡರೆ ಮುಗಿಯಿತು. ಮರುದಿನ ದ್ವಾದಶಿ, ಬೆಳಗ್ಗೆ ಬೇಗನೇ ಪಾರಣೆ ಮಾಡಿ ಉಪವಾಸ ಬಿಡಬೇಕು, ಆದ್ದರಿಂದ ಆ ದಿನ ಕದಲುವಂತಿಲ್ಲ. ಆರ್.ವಿ. ಶೋ ಏಕಾದಶಿಗೆ ಬಿದ್ದರೆ ಹೋಗುವುದು, ಬೀಳದಿದ್ದರೆ ಇಲ್ಲ. ನಮ್ಮವರು ಪತ್ರಿಕೆಯ ಜಾಹೀರಾತನ್ನೂ ಪಂಚಾಂಗವನ್ನೂ ಅಕ್ಕಪಕ್ಕ ಇಟ್ಟುಕೊಂಡು ಪೆನ್ಸಿಲ್ ಹಿಡಿದು ಕೂರುತ್ತಿದ್ದರು. ಒಮ್ಮೆ, ಧಾರವಾಡದ ಸೂರ್ಯೋದಯಕ್ಕೂ ನ್ಯೂಜೆರ್ಸಿಯ ಸೂರ್ಯೋದಯಕ್ಕೂ ಹತ್ತು ಗಂಟೆ ವ್ಯತ್ಯಾಸ, ಆದ್ದರಿಂದ ಇಲ್ಲಿಯ ಏಕಾದಶಿ ಒಂದು ದಿನ ಆಚೀಚೆ ಆಗಬಹುದು ಎಂದು ವಿವರಿಸಲು ಹೋದರು. "ಅಲ್ಲೆ ಏಕಾದಶಿ ಇದ್ದಾಗ ಇಲ್ಲೆ ಉಂಡ್ರ ದೇವರಿಗೆ ಕಾಣಂಗಿಲ್ಲೇನೋ?" ಅಂದರು ಅತ್ತೆ. ಎಂಜಿನಿಯರು ಪೆನ್ಸಿಲ್ ಕೆಳಗಿಟ್ಟರು.

ಏಕಾದಶಿಗೂ ಒಂದು ಚಾಳಿಯಿದೆ. ಈ ಸಲ ಶನಿವಾರ ಬಂದರೆ ಮುಂದಿನದು ಸಾಮಾನ್ಯವಾಗಿ ಭಾನುವಾರಕ್ಕೆ ಜಾರುತ್ತದೆ, ಅದರ ಮುಂದಿನದು ಸೋಮವಾರಕ್ಕೆ. ರಜಾದಿನದ ಏಕಾದಶಿ ಜನವರಿಯಲ್ಲಿ ಎರಡೇ ಸಿಕ್ಕವು.

ಮೊದಲನೆಯದು ಶನಿವಾರ. ನ್ಯೂಜೆರ್ಸಿಯಲ್ಲೇ, ಸೈನ್ಯದವರ ಹಳೆಯ ಕವಾಯತು ಹಾಲ್ ಒಂದರಲ್ಲಿ ಶೋ. ಅತ್ತೆ ಕೆಂಪು ಸೀರೆಯ ಮೇಲೆ ಮಗನ ಹಳೆಯ ಓವರ್‌ಕೋಟು ಹಾಕಿಕೊಂಡು, ರಬ್ಬರ್ ಬೂಟಿನಲ್ಲಿ ಧಡಧಡ ನಡೆದರು. ಜನ ದಾರಿ ಬಿಟ್ಟರು. ಮೊದಲ ಗಾಡಿಯ ಮೆಟ್ಟಿಲು ಹತ್ತಿದ ಕೂಡಲೇ ಮಾರುವವನು ತನ್ನ ಪಾಠ ಶುರು ಮಾಡಿದ: ನೋಡಿ ಅಮ್ಮಾ, ನಿಂತ ಜಾಗದಿಂದ ಕದಲಬೇಕಾಗಿಲ್ಲ, ಇಲ್ಲಿ ಒಲೆ, ಕೈ ಚಾಚಿದರೆ ಸಿಂಕ್, ಹೀಗೆ ಹಿಂದಕ್ಕೆ ತಿರುಗಿದರೆ ಟಾಯ್ಲೆಟ್. ನಮ್ಮವರು ಅದನ್ನು ಕನ್ನಡಕ್ಕೆ ಮಾಡಬೇಕಾಗಲೇ ಇಲ್ಲ. ಅವನು ಟಾಯ್ಲೆಟ್ಟಿನ ಬಾಗಿಲು ತೆರೆದು ತೋರಿಸಿದಾಗ ಆ ಬಾಗಿಲು ಒಲೆಗೆ ತಾಗಿತು.

"ಏನಿದು, ಒಲಿ ಮಗ್ಗಲಾಗ ಪಾಯಖಾನಿ?" ಅಂದರು ಅತ್ತೆ.

"ಜಾಗಾ ಸಾಲಂಗಿಲ್ಲವ್ವ, ಅದಕ್ಕ ಹಂಗ" ಎಂದರು ನಮ್ಮವರು.

"ಜಾಗಾ ಸಾಲದಿದ್ರ ಒಂದು ಬಿಡಬೇಕು. ಎರಡೂ ಒಂದ ಕಡೆ ಇಡತಾರೇನು?"

ಆ ದಿನ ನಾವು ಹತ್ತಿದ ಗಾಡಿಗಳಿಗೆ ಲೆಕ್ಕವಿಲ್ಲ. ಎಲ್ಲದರ ಹೆಮ್ಮೆಯೂ ಅದೇ, ಎಲ್ಲವೂ ಕೈಗೆಟಕುವಂತಿರುವುದು. ಅತ್ತೆಗೆ ಬೇಕಾದದ್ದು ಯಾವುದೂ ಯಾವುದಕ್ಕೂ ಎಟಕದಂಥ ಗಾಡಿ. ಸಂಜೆ ಕಾರಿನಲ್ಲಿ ಕೂತು, "ಈ ಮಂದಿ ಉಣ್ಣೂದಕ್ಕೂ ಹೋಗೂದಕ್ಕೂ ನಡುವ ಒಂದು ಗ್ವಾಡಿ ಕಟ್ಟೂದು ಕಲೀಲಿಲ್ಲ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅವರೂ ಸೆರಗು ಬಾಯಿಗೆ ಹಿಡಿದರು.

ಎರಡನೆಯದು ಭಾನುವಾರ, ಮ್ಯಾನ್‌ಹಟನ್‌ನ ಬಹುದೊಡ್ಡ ಹಾಲಿನಲ್ಲಿ. ಅಲ್ಲಿ ನಮ್ಮ ಪುಣ್ಯಕ್ಕೆ ಒಂದು ಗಾಡಿ ಸಿಕ್ಕಿತು. ಉದ್ದನೆಯದು. ಅಡುಗೆಯ ಜಾಗ ಮುಂದೆ, ಟಾಯ್ಲೆಟ್ ಹಿಂದಿನ ತುದಿಯಲ್ಲಿ, ನಡುವೆ ಎರಡು ಬಾಗಿಲು. ಅತ್ತೆ ಒಳಗೆ ನಿಂತು ಸುತ್ತ ನೋಡಿದರು. ಒಲೆಯ ಮೇಲೆ ಕೈಯಾಡಿಸಿದರು. "ಇಲ್ಲೆ ದೇವರು. ಇಲ್ಲೆ ನೀರಿನ ಕೊಡ. ಇಲ್ಲೆ ನಿಂತು ಆಕೀಗೆ ಕಷಾಯ ಮಾಡಬಹುದು" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಕಿಟಕಿಯ ಪರದೆ ಸರಿಸಿ ಹೊರಗೆ ನೋಡಿದರು. ಅಲ್ಲಿ ಕಾಣುತ್ತಿದ್ದದ್ದು ಇನ್ನೊಂದು ಟ್ರೇಲರಿನ ಬೆನ್ನು. ಆದರೆ ಅವರು ನೋಡುತ್ತಿದ್ದದ್ದು ಜೆರಿಕೋದ ಆ ಮನೆಯ ಬಾಗಿಲನ್ನೇ ಎಂದು ನನಗೆ ಗೊತ್ತಾಯಿತು. ಮೊದಲ ಸಲ ಅವರ ಬಗ್ಗೆ ನನಗೆ ಸಂಕಟವಾಯಿತು.

ನಮ್ಮವರು ಮಾರುವವನ ಜೊತೆ ಮಾತಿಗೆ ಕೂತರು. ಅಷ್ಟರಲ್ಲಿ ಏಪ್ರನ್ ಕಟ್ಟಿದ ಒಬ್ಬ ಹುಡುಗಿ ಒಂದು ತಟ್ಟೆ ಹಿಡಿದುಕೊಂಡು ಗಾಡಿ ಹತ್ತಿದಳು, ಅತ್ತೆಗೆ ನಗುತ್ತ ಹಲೋ ಹೇಳಿದಳು, ಆ ಒಲೆ ಹಚ್ಚಿ ಬಾಣಲೆ ಇಟ್ಟು ಹಂದಿಮಾಂಸದ ಸಾಸೇಜಿನ ಬಿಲ್ಲೆಗಳನ್ನು ಹುರಿಯತೊಡಗಿದಳು. ಒಲೆ ಎಷ್ಟು ಚೆನ್ನಾಗಿ ಉರಿಯುತ್ತದೆ ಎಂದು ಬಂದವರಿಗೆ ತೋರಿಸುವುದು ಅವಳ ಕೆಲಸವಂತೆ. ಗಂಟೆಗೊಮ್ಮೆ ಹುರಿದು, ಕಡ್ಡಿಗೆ ಚುಚ್ಚಿ ಎಲ್ಲರಿಗೂ ಹಂಚುತ್ತಿದ್ದಳು. ಮೊದಲ ಬಿಲ್ಲೆಯನ್ನು ಅತ್ತೆಯ ಮುಂದೆಯೇ ಚಾಚಿದಳು, ಪಾಪ.

ಅತ್ತೆ ಮೂಗಿಗೆ ಸೆರಗು ಹಿಡಿದು, ಮೆಟ್ಟಿಲಿಳಿದು, ಹಾಲಿನ ಬಾಗಿಲ ತನಕ ಹಿಂದೆ ತಿರುಗಿ ನೋಡದೆ ಹೋದರು. ನಮ್ಮವರು ಬೆನ್ನು ಹತ್ತಿ ಓಡಿದರು.

"ನಮಗ ಬರೂದು ಇದಲ್ಲವ್ವ. ಫ್ಯಾಕ್ಟರಿಯಿಂದ ಬ್ಯಾರೆ ಹೊಸಾದು ಬರತದ."

"ಇದರ ತಮ್ಮನ ಅಲ್ಲೇನು ಬರಾಂವ?" ಅಂದರು ಅತ್ತೆ. "ನಾ ಕಣ್ಣಾರೆ ನೋಡೇನಿ. ಇನ್ನ ಅದರ ಮುಂದ ನಿಂತಾಗೆಲ್ಲಾ ನನಗ ಅದ ವಾಸನಿ ಬರತದ. ಬ್ಯಾಡ."

ಜಪ್ಪಯ್ಯ ಅಂದರೂ ಆಮೇಲೆ ಆ ಗಾಡಿಯ ಮಾತು ಎತ್ತಲು ಬಿಡಲಿಲ್ಲ. ಫೆಬ್ರವರಿಯ ಏಕಾದಶಿಗಳು ಸೋಮವಾರ, ಮಂಗಳವಾರಕ್ಕೆ ಜಾರಿದವು. ಆ ದಿನಗಳಲ್ಲಿ ಶೋಗಳಿರಲಿಲ್ಲ. ಮಾರ್ಚಿನ ಮೊದಲನೆಯದಕ್ಕೆ ನಮ್ಮವರಿಗೆ ರಜೆ ಸಿಗಲಿಲ್ಲ. ಮನೆಯಲ್ಲಿ ಮೂವರೂ ಮುಖ ಗಂಟು ಹಾಕಿಕೊಂಡು ಓಡಾಡುತ್ತಿದ್ದೆವು. ನನಗೆ ಸಿಟ್ಟು ಬೇಗ, ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಒಂದು ದಿನ ಊಟದ ಮೇಜಿನ ಮೇಲೆ ರಾಶಿ ಬಿದ್ದಿದ್ದ ಬ್ರೋಷರುಗಳನ್ನೆಲ್ಲ ಎತ್ತಿ ಕುರ್ಚಿಯ ಮೇಲೆ ಎಸೆದು, "ಮಗು ಹುಟ್ಟಿ ಅಂಬೆಗಾಲಿಡೋ ಹೊತ್ತಿಗಾದರೂ ಗಾಡಿ ಬರುತ್ತಾ?" ಎಂದೆ. ನಾದಿನಿ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ನಾನು ಎತ್ತುತ್ತಿದ್ದೆ. "ಗಾಡಿ ಸಿಕ್ತೇನ್ರಿ ವೈನಿ?" ಎಂದು ಕೇಳುತ್ತಿದ್ದಳು. ಮೊದಲು ಆ ಪ್ರಶ್ನೆಯಲ್ಲಿ ಕೊಂಕು ಇರುತ್ತಿತ್ತು. ಬರಬರುತ್ತ ಅದು ಹೋಗಿ ಬರೀ ಪ್ರಶ್ನೆ ಉಳಿಯಿತು. ಪಕ್ಕದಲ್ಲೇ ಕೂತ ಅತ್ತೆ, ಫೋನ್ ಇಟ್ಟ ಮೇಲೆ, "ಹೆಂಗಿದ್ದಾಳಂತ?" ಎಂದು ಗೋಡೆಯನ್ನು ಕೇಳುತ್ತಿದ್ದರು.

ಮಾರ್ಚ್ ಕೊನೆಯ ಏಕಾದಶಿ ಗುರುವಾರ ಬಿತ್ತು. ಆ ಗುರುವಾರವೇ ಎರಡು ಶೋಗಳು ಶುರುವಾಗುವುದಿತ್ತು. ಒಂದು ಮತ್ತೆ ಮ್ಯಾನ್‌ಹಟನ್‌ನಲ್ಲಿ, ಸೀಸನ್ನಿನ ಕೊನೆಯ ದೊಡ್ಡ ಶೋ, ದೇಶದ ತಯಾರಕರೆಲ್ಲ ಬರುವಂಥದು. ಇನ್ನೊಂದು ಲಾಂಗ್ ಐಲೆಂಡಿನಲ್ಲಿ, ಒಂದು ಶಾಪಿಂಗ್ ಸೆಂಟರಿನ ಪಾರ್ಕಿಂಗ್ ಜಾಗದಲ್ಲಿ ಟೆಂಟು ಹಾಕಿ ನಡೆಸುವ ಪುಟ್ಟ ಶೋ. ನಮ್ಮವರಿಗೆ ಸಿಕ್ಕಿದ್ದು ಒಂದೇ ದಿನದ ರಜೆ. ಅವರು ಆಗಲೇ ದೊಡ್ಡ ಶೋಗೆ ಗುರುತು ಹಾಕಿಟ್ಟಿದ್ದರು.

"ಲಾಂಗ್ ಐಲೆಂಡಿಗೆ ಹೋಗೋಣ" ಎಂದೆ ನಾನು.

"ಅಲ್ಲೇನದ? ಹತ್ತು ಗಾಡಿ ಇರತಾವ. ಅಲ್ಲೆ ಅವ್ವಗ ಬೇಕಾದ್ದು ಸಿಗಂಗಿಲ್ಲ."

"ದೊಡ್ಡ ಶೋನಲ್ಲಿ ಸಿಕ್ಕಿತಾ? ಈ ಸಣ್ಣ ಶೋನಿಂದ ನಿಮ್ಮ ತಂಗಿಯ ಮನೆ ಹತ್ತಿರ. ಅವಳಿಗೆ ಎಂಟು ತಿಂಗಳು ತುಂಬಿದೆ. ನಾನು ಹೋಗಿ ನೋಡಿಕೊಂಡು ಬರ್ತೀನಿ. ನೀವೂ ಅತ್ತೇನೂ ಬೇಕಾದರೆ ಕಾರಲ್ಲೇ ಕೂತಿರಿ."

ಅವರು ಗಾಡಿಗಳ ಬಗ್ಗೆ ಏನೇನೋ ಹೇಳಿದರು. ನಾನು ಕೇಳಲಿಲ್ಲ. ಅತ್ತೆ ಬಾಗಿಲ ಬಳಿ ಕೂತು ಬತ್ತಿ ಹೊಸೆಯುತ್ತಿದ್ದರು. ನಮ್ಮವರು ಅವರ ಕಡೆ ತಿರುಗಿ, "ನೀ ಹೇಳವ್ವ, ಯಾವುದಕ್ಕ ಹೋಗೂಣು?" ಎಂದರು. ಅತ್ತೆ ಹೊಸೆಯುತ್ತಿದ್ದ ಬತ್ತಿಯನ್ನು ಮುಗಿಸಿ, "ಸಣ್ಣದಕ್ಕ ಹೋಗೂಣು. ದೊಡ್ಡದರಾಗ ಕಾಲು ನೋಯತಾವ" ಅಂದರು. ಹಿಂದಿನ ಎರಡು ಶೋಗಳಲ್ಲಿ ನಮ್ಮಿಬ್ಬರ ಕಾಲು ಬಿದ್ದುಹೋಗುವ ಹಾಗೆ ನಡೆಸಿದವರು ಅವರೇ.

ಗುರುವಾರ ಬೆಳಗ್ಗೆ ನಾದಿನಿಗೆ ಫೋನ್ ಮಾಡಿ, ಶೋ ಮುಗಿಸಿ ನಾನು ಬರುವುದಾಗಿ ಹೇಳಿದೆ. ಅತ್ತೆಯ ವಿಷಯ ಅವಳೂ ಕೇಳಲಿಲ್ಲ, ನಾನೂ ಎತ್ತಲಿಲ್ಲ. ಎರಡು ಸೇತುವೆ ದಾಟಿ ಆ ಪಾರ್ಕಿಂಗ್ ಜಾಗಕ್ಕೆ ತಲುಪಿದಾಗ ಗಾಳಿ ಬೀಸುತ್ತಿತ್ತು. ಟೆಂಟಿನ ಬಟ್ಟೆ ಪಟಪಟ ಬಡಿದುಕೊಳ್ಳುತ್ತಿತ್ತು. ನಮ್ಮವರು ಹೇಳಿದಷ್ಟೇ ಗಾಡಿಗಳು. ಮೊದಲನೆಯದರ ಒಲೆ ಪಕ್ಕದಲ್ಲಿ ಅದೇ ಕಥೆ. ಎರಡನೆಯದು ಸಣ್ಣ ಟ್ರೇಲರು, ಟಾಯ್ಲೆಟ್ಟೇ ಇರಲಿಲ್ಲ. ನಮ್ಮವರಿಗೆ ಹುರುಪು ಬಂತು. "ನೋಡವ್ವ, ಇದರಾಗ ಅದರ ಗೊಡವಿನ ಇಲ್ಲ" ಎಂದು ಕಪಾಟುಗಳನ್ನು ತೆರೆದು ತೆರೆದು ತೋರಿಸತೊಡಗಿದರು.

ಅತ್ತೆ ಒಳಗಿನ ಬೆಂಚಿನ ಮೇಲೆ ಕೂತರು. ಕಪಾಟುಗಳ ಕಡೆ ನೋಡಲಿಲ್ಲ.

"ಇಲ್ಲಿಂದ ಆಕೀ ಮನಿ ಎಷ್ಟು ದೂರ?"

"ಕಾಲು ಗಂಟೆ" ಎಂದೆ ನಾನು.

"ಇವತ್ತ ಏಕಾದಶಿ."

"ಹೌದು."

"ಹಂಗಾರ ಊಟದ ಮಾತ ಬರಂಗಿಲ್ಲ. ನೀರಿಂದೂ ಬರಂಗಿಲ್ಲ." ಅವರು ನನ್ನನ್ನೇ ನೋಡುತ್ತಿದ್ದರು. "ಹೋಗಿ ಕೂತು ಬಂದ್ರ ಯಾರಿಗೇನು?"

ನಾನು ನಮ್ಮವರ ಮುಖ ನೋಡಿದೆ. ಅವರು ತೆರೆದ ಕಪಾಟಿನ ಬಾಗಿಲು ಹಿಡಿದುಕೊಂಡು ನಿಂತಿದ್ದರು. ಚಳಿಗಾಲವಿಡೀ ಏಕಾದಶಿ ನೋಡಿ ನೋಡಿ ನಾವು ಅವರಿಗೆ ಗಾಡಿ ತೋರಿಸಲು ಊರೂರು ಅಲೆದಿದ್ದೆವು. ಅಂಥದೇ ಒಂದು ಏಕಾದಶಿಯಂದು, ಯಾರಿಗೂ ಅವಮಾನವಾಗದಂತೆ, ಮಗಳನ್ನೇ ತೋರಿಸಿಕೊಂಡು ಬರಬಹುದಿತ್ತು. ಓದಿದವರು ಇಬ್ಬರಿದ್ದೆವು ಮನೆಯಲ್ಲಿ. ನನಗೆ ನನ್ನ ಮೇಲೇ ಸಿಟ್ಟು ಬಂತು, ಆಮೇಲೆ ಅದು ಪೂರ್ತಿ ನಮ್ಮವರ ಮೇಲೆ ತಿರುಗಿತು. "ಆ ಬಾಗಿಲು ಹಾಕಿ, ಕಾರು ತೆಗೀರಿ" ಎಂದೆ.

ನಾದಿನಿ ಬಾಗಿಲು ತೆಗೆದಳು. ನನ್ನ ಹಿಂದೆ ಓವರ್‌ಕೋಟಿನಲ್ಲಿ ನಿಂತ ತಾಯಿಯನ್ನು ಕಂಡು ಬಾಗಿಲ ಹಿಡಿ ಬಿಡದೆ ನಿಂತುಬಿಟ್ಟಳು. ಅತ್ತೆ ಅವಳ ಮುಖ ನೋಡಲಿಲ್ಲ, ಹೊಟ್ಟೆಯನ್ನೂ ನೋಡಲಿಲ್ಲ. ನೇರ ಕೆಳಗೆ ನೋಡಿದರು.

"ಕಾಲು ಬಾತಾವ" ಅಂದರು. "ನಿಂದ್ರಬ್ಯಾಡ. ಕೂಡು."

ಆರು ವರ್ಷದ ಮೇಲೆ ಆಡಿದ ಮೊದಲ ಮಾತು ಅದು. ಅವಳು ಕೂತಳು. ಅತ್ತೆ ರಬ್ಬರ್ ಬೂಟು ಬಿಚ್ಚಿಟ್ಟು ಒಳಗೆ ಬಂದು, ಅವಳ ಎದುರಿಗೆ ಒಂದು ಮರದ ಕುರ್ಚಿ ಎಳೆದುಕೊಂಡು ಕೂತರು. ನಾದಿನಿ ರೂಢಿಯಂತೆ ನೀರು ತರಲು ಎದ್ದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇವತ್ತ ಏಕಾದಶಿ ಅಲ್ಲೇನು? ಅಣ್ಣ ಹೇಳಿದ್ದ, ಏಕಾದಶಿಗೇ ಶೋಕ್ಕ ಹೋಗತೀರಿ ಅಂತ" ಎಂದು ವಾಪಸು ಬಂದು ಕೂತಳು. ಅತ್ತೆ ತಲೆಯಾಡಿಸಿದರು. ಆಮೇಲೆ ಒಂದೊಂದೇ ಪ್ರಶ್ನೆ ಕೇಳತೊಡಗಿದರು. ರಾತ್ರಿ ನಿದ್ದೆ ಬರುತ್ತದೆಯೇ, ಮಗು ಯಾವ ಕಡೆ ಒದೆಯುತ್ತದೆ, ಬಾಯಿಗೆ ಏನು ರುಚಿಸುತ್ತದೆ. ಅವಳು ಮೊದಲು ಚುಟುಕಾಗಿ, ಆಮೇಲೆ ಉದ್ದುದ್ದ ಉತ್ತರ ಕೊಡತೊಡಗಿದಳು. ನಮ್ಮವರು ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡರು. ನಾನು ನೋಡದ ಹಾಗೆ ಮಾಡಿದೆ.

ನಾಲ್ಕಕ್ಕೆ ಅಳಿಯ ಸ್ಕೂಲಿನಿಂದ ಬಂದ. ಎತ್ತರದ, ಮಾತು ಕಡಿಮೆಯ ಮನುಷ್ಯ. ಅತ್ತೆಯನ್ನು ಕಂಡು ಕೈ ಚಾಚಲಿಲ್ಲ, ಎರಡೂ ಕೈ ಮುಗಿದ. ಅತ್ತೆ ಸೆರಗು ಮುಂದಕ್ಕೆಳೆದುಕೊಂಡು ತಲೆ ಬಾಗಿಸಿದರು. ಸಂಜೆಯಾಗುತ್ತ ಬಂತು. "ಅವ್ವ, ಹೊರಡೂಣು. ನಾಳೆ ದ್ವಾದಶಿ" ಎಂದು ನಮ್ಮವರು ನೆನಪಿಸಿದರು.

"ನೀವು ಹೋಗರಿ" ಅಂದರು ಅತ್ತೆ. "ಈಕೀ ಕಾಲು ಹಿಂಗ ಬಾತಾವ. ನಾ ಇರತೀನಿ."

"ಇಲ್ಲೆ? ಪಾರಣಿ?"

ಅತ್ತೆ ಮಗಳ ಕಡೆ ತಿರುಗಿದರು. "ನಿನ್ನ ಮನ್ಯಾಗ ಯಾರೂ ಮುಟ್ಟಲಾರದ ಹೊಸಾ ಪಾತ್ರಿ ಒಂದಾದರೂ ಅದ ಏನು?"

ನಾದಿನಿ ಯೋಚಿಸಿದಳು. ಆಮೇಲೆ ಎದ್ದು ಹೋಗಿ ಒಂದು ದೊಡ್ಡ ಎನಾಮಲ್ ಪಾತ್ರೆಯನ್ನು ಡಬ್ಬಿಯ ಸಮೇತ ತಂದಳು. ಮಗುವಿನ ಹಾಲಿನ ಬಾಟ್ಲಿಗಳನ್ನು ಕುದಿಸಲು ತಂದಿಟ್ಟದ್ದು, ಒಳಗಿನ ಕಾಗದವನ್ನೂ ಬಿಚ್ಚಿರಲಿಲ್ಲ. ಕಪಾಟಿನ ಮೇಲಿನ ಹಲಗೆಯಿಂದ ಅಕ್ಕಿ, ಹೆಸರುಬೇಳೆಯ ಒಡೆಯದ ಪೊಟ್ಟಣಗಳು ಬಂದವು, ಒಂದು ಸೀಸೆ ತುಪ್ಪ ಬಂತು, ಮೆಂತ್ಯ, ಅಜವಾನ, ಒಣಶುಂಠಿಯೂ ಬಂದವು. ಮ್ಯಾನ್‌ಹಟನ್‌ನ ಇಂಡಿಯನ್ ಅಂಗಡಿಯಿಂದ ಎಂದೋ ತಂದು ಮುಚ್ಚಿಟ್ಟದ್ದು. ಬಾಣಂತನದ ಸಾಮಾನು ಅದು, ನೋಡಿದ ಕೂಡಲೇ ತಿಳಿಯಿತು. ಅತ್ತೆಗೂ ತಿಳಿಯಿತು. ಅಜವಾನದ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತರು.

ಅಳಿಯ ಹೆಂಡತಿಯನ್ನು ಇಂಗ್ಲಿಷಿನಲ್ಲಿ ಕೇಳಿದ, ಅವರಿಗೆ ಏನೇನು ಬೇಕು ಎಂದು. ಒಂದು ಒಲೆ, ನೀರು, ಬಾಗಿಲು ಎಂದಳು ಅವಳು. ಅವನು ಗರಾಜಿನಿಂದ ಕಾರನ್ನು ಹೊರತೆಗೆದು ಡ್ರೈವ್‌ವೇಯಲ್ಲಿ ನಿಲ್ಲಿಸಿದ. ಬಟ್ಟೆ ಒಗೆಯುವ ನಲ್ಲಿ ಅಲ್ಲೇ ಇತ್ತು. ನೆಲಕ್ಕೆ ಪೈಪಿನಿಂದ ನೀರು ಹಾಯಿಸಿ ತೊಳೆದ. ನಮ್ಮವರೂ ಪ್ಯಾಂಟು ಮಡಿಸಿಕೊಂಡು ಕಸಬರಿಗೆ ಹಿಡಿದರು. ಆಮೇಲೆ ಅಳಿಯ ಅಂಗಡಿಗೆ ಹೋಗಿ ಕರೆಂಟಿನ ಪುಟ್ಟ ಒಲೆ, ಹೊಸ ಹಾಟ್ ಪ್ಲೇಟ್ ಒಂದನ್ನು ತಂದ. ಮಲಗುವುದು ಎಲ್ಲಿ ಎಂಬುದಕ್ಕೂ ಉತ್ತರ ಸಿಕ್ಕಿತು. ಮಗುವಿಗೆಂದು ಬಣ್ಣ ಹೊಡೆದಿಟ್ಟ ಕೋಣೆಯಲ್ಲಿ ಇನ್ನೂ ಯಾರೂ ಮಲಗಿರಲಿಲ್ಲ. ಮಡಿಗೆ ಸೀರೆ ಎಂದು ನಾನು ಕೇಳಿದೆ. "ಉಟ್ಟದ್ದ ಒಗದು ಒಣಗ ಹಾಕತೀನಿ. ರಾತ್ರೀಗೆ ಆಕೀದೊಂದು ಕೊಡತಾಳ" ಎಂದರು ಅತ್ತೆ, ಇದೂ ಒಂದು ಪ್ರಶ್ನೆಯೇ ಎನ್ನುವಂತೆ.

ನಾವಿಬ್ಬರೇ ವಾಪಸು ಹೊರಟೆವು. ಡ್ರೈವ್‌ವೇಯಲ್ಲಿ, ನಮ್ಮ ಗಾಡಿ ನಿಲ್ಲಬೇಕಿದ್ದ ಜಾಗದಲ್ಲಿ, ಅಳಿಯನ ಕಾರು ನಿಂತಿತ್ತು. ಎರಡನೆಯ ಸೇತುವೆಯ ಮೇಲೆ ನಮ್ಮವರು, "ಆ ಸಣ್ಣ ಟ್ರೇಲರ್ ಛಲೋ ಇತ್ತು" ಎಂದರು. ನಾನು ನಕ್ಕೆ, ಅವರೂ ನಕ್ಕರು. ಮರುವರ್ಷವೇ ಪೆಟ್ರೋಲಿಗೆ ಜನ ಸಾಲು ನಿಲ್ಲುವ ಕಾಲ ಬಂತು, ಆ ಗಾಡಿಗಳನ್ನು ಕೇಳುವವರಿಲ್ಲದಂತಾಯಿತು. ಬ್ರೋಷರುಗಳನ್ನು ನಾನು ಕಪಾಟಿನ ಹಲಗೆಗಳಿಗೆ ಹಾಸಿದೆ. ಕಾಗದ ಒಳ್ಳೆಯದಿತ್ತು.

ಮಾರನೆಯ ಬೆಳಗ್ಗೆ ನಮ್ಮವರು ಕೆಲಸಕ್ಕೆ ಹೋದ ಮೇಲೆ ಜೆರಿಕೋಗೆ ಫೋನ್ ಮಾಡಿದೆ. ಎಷ್ಟೋ ತಿಂಗಳ ಮೇಲೆ ಅಡುಗೆಮನೆ ಪೂರ್ತಿ ನನ್ನದಾಗಿತ್ತು, ಆದರೂ ಅಭ್ಯಾಸಬಲದಿಂದ ಹೊಸಿಲಿನಾಚೆಯೇ ನಿಂತಿದ್ದೆ. ಅತ್ತೆಯ ಪುಟ್ಟ ಪಾತ್ರೆ ಬೋರಲಾಗಿ ಬಿದ್ದಿತ್ತು.

"ಪಾರಣೆ ಆಯ್ತಾ?" ಎಂದು ಕೇಳಿದೆ.

"ಆತರೀ ವೈನಿ."

"ಅತ್ತೆ ಏನು ಮಾಡಿದರು?"

"ಅವ್ವ ಮಾಡಲಿಲ್ಲ" ಅಂದಳು. "ನಾ ಮಾಡಿದೆ."

ನನಗೆ ಸರಿಯಾಗಿ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. "ನಸುಕಿನಾಗ ಬಂದು ಎಬ್ಬಿಸಿದ್ಲು. ತಲಿ ಮ್ಯಾಲೆ ನೀರು ಹಾಕ್ಕೊಂಡು ಬಾ ಅಂದ್ಲು. ಹೋದೆ. ಗರಾಜಿನಾಗ ಕುರ್ಚಿ ಹಾಕಿ ನನ್ನ ಕೂಡಿಸಿದ್ಲು. ಅಕ್ಕಿ ನೀನ ಇಡು ಅಂದ್ಲು. ನನಗೂ ಅದ ಮಾತು ಬಂತು ಬಾಯಿಗೆ, ನಾ ಮಾಡಿದ್ದು ನೀ ಉಣ್ಣಂಗಿಲ್ಲಲ್ಲವ್ವ ಅಂದೆ. ಇಡು ಅಂದ್ಲು, ಅಷ್ಟ."

"ಉಂಡರಾ?"

"ಉಂಡ್ಲು. ಎರಡು ಸಲ ಹಾಕಿಸಿಕೊಂಡ್ಲು. ತೊವ್ವಿಗೆ ಉಪ್ಪು ಹಾಕೂದ ಮರತಿದ್ದೆ ವೈನಿ. ಏನೂ ಅನಲಿಲ್ಲ. ಸುಮ್ಮನ ಉಂಡ್ಲು." ಆಮೇಲೆ ಅವಳು ಅಳತೊಡಗಿದಳು.

ಅಕ್ಟೋಬರಿನಿಂದ ನನ್ನ ಮನೆಯಲ್ಲಿದ್ದು ನನ್ನ ಕೈಯ ಒಂದು ತುತ್ತು ಉಣ್ಣದವರು. ಒದ್ದೆ ಸೀರೆಯಲ್ಲಿ ನಾನು ನಡುಗಿದ್ದು ನೆನಪಾಯಿತು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಅದರ ಜೊತೆಗೇ ಕಣ್ಣಲ್ಲಿ ನೀರೂ ಬಂತು. ಆ ಕಡೆ ಅವಳ ಅಳು ನಿಲ್ಲುವ ತನಕ ಫೋನ್ ಹಿಡಿದುಕೊಂಡೇ ಇದ್ದೆ. "ನಾಳೆಯಿಂದ ಉಪ್ಪು ಮರೀಬೇಡ" ಎಂದು ಇಟ್ಟೆ.